ಹತ್ತು ದಿನಕ್ಕೆ ಬರುವ ಮಗುವನ್ನು ಹಚ್ಚಿಕೊಳ್ಳಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಮತ್ತು ನನ್ನ ಗಂಡ ತುರ್ತು ಸಾಕು ಕುಟುಂಬವಾಗಿ, ಅಂದರೆ ತನ್ನ ಮನೆಯಲ್ಲಿ ಇರಲಾಗದ ಮಗುವನ್ನು ಸ್ವಲ್ಪ ದಿನ ಇಟ್ಟುಕೊಂಡು ನೋಡಿಕೊಳ್ಳುವ ಕುಟುಂಬವಾಗಿ, ಹೆಸರು ಕೊಡೋಣ ಅಂತಿದ್ದೇವೆ. ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ಹತ್ತು ವರ್ಷದ ಮಗ ಇದ್ದಾನೆ. ಆದರೆ ನಮ್ಮ ಅತ್ತೆ ಒಂದು ಮಾತು ಹೇಳಿದರು: "ಹತ್ತು ದಿನಕ್ಕೆ ಅಂತ ಬಂದ ಮಗು ನಿನ್ನನ್ನು ಹಚ್ಚಿಕೊಳ್ಳುತ್ತೆ. ಆಮೇಲೆ ನೀನೇ ಕಿತ್ತು ಕಳಿಸ್ತೀಯ. ಅದಕ್ಕಿಂತ ಮಕ್ಕಳ ನಿಲಯವೇ ವಾಸಿ, ಅಲ್ಲಿ ಯಾರೂ ಯಾರನ್ನೂ ಹಚ್ಚಿಕೊಳ್ಳಲ್ಲ." ಅಂದಿನಿಂದ ಇದೇ ತಲೆಯಲ್ಲಿ ಕೊರೀತಿದೆ. ಸ್ವಲ್ಪ ದಿನದ ಮಟ್ಟಿಗೆ ಮನೆಯೇ ಆಗಬೇಕಾ, ನಿಲಯ ಸಾಲದಾ? ಮಗು ಬಂದರೆ ಮೊದಲ ರಾತ್ರಿ ಏನು ಮಾಡಬೇಕು? ನನ್ನ ಮಗನಿಗೆ ಏನಂತ ಹೇಳಲಿ?

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಮಗು ಹಚ್ಚಿಕೊಳ್ಳುತ್ತದೆ, ಹೌದು. ಹೊರಡುವಾಗ ಅಳುತ್ತದೆ, ಅದೂ ಹೌದು. ನೀವೂ ಅಳುತ್ತೀರಿ. ಆದರೆ "ಅಲ್ಲಿ ಯಾರೂ ಯಾರನ್ನೂ ಹಚ್ಚಿಕೊಳ್ಳಲ್ಲ" ಅನ್ನುವುದನ್ನು ಅವರು ನಿಲಯದ ಒಳ್ಳೆಯ ಗುಣ ಅಂತ ಹೇಳಿದರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಸಣ್ಣ ಮಗುವಿನ ಮಟ್ಟಿಗೆ ನಿಲಯದ ದೊಡ್ಡ ಕೊರತೆಯೇ ಅದು.

ಇದಕ್ಕೆ ಹಳೆಯದೊಂದು ಉದಾಹರಣೆ ಇದೆ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಸಂಶೋಧಕರಾದ ಜೇಮ್ಸ್ ಮತ್ತು ಜಾಯ್ಸ್ ರಾಬರ್ಟ್‌ಸನ್ ದಂಪತಿ, ತಾಯಿಯಿಂದ ಕೆಲವೇ ದಿನ ದೂರವಾದ ಪುಟ್ಟ ಮಕ್ಕಳನ್ನು ದಿನದಿನವೂ ಕ್ಯಾಮೆರಾದಲ್ಲಿ ಸೆರೆಹಿಡಿದರು. ಒಬ್ಬ ಹುಡುಗನಿಗೆ 17 ತಿಂಗಳು. ತಾಯಿ ಎರಡನೇ ಹೆರಿಗೆಗೆ ಆಸ್ಪತ್ರೆ ಸೇರಿದ್ದಳು. ಹುಡುಗನನ್ನು 9 ದಿನ ಒಂದು ಶಿಶು ನಿಲಯದಲ್ಲಿ ಬಿಟ್ಟರು. ಅದೇನೂ ಕೆಟ್ಟ ಜಾಗವಲ್ಲ. ಚೊಕ್ಕಟವಾಗಿತ್ತು, ಊಟಕ್ಕೆ ಕೊರತೆ ಇರಲಿಲ್ಲ, ಅಲ್ಲಿದ್ದ ಹುಡುಗಿಯರು ಮಕ್ಕಳನ್ನು ಗದರುವವರೂ ಆಗಿರಲಿಲ್ಲ. ಆದರೆ ಅವರಿಗೆ ಹಂಚಿದ್ದು ಕೆಲಸಗಳನ್ನು, ಮಕ್ಕಳನ್ನಲ್ಲ. ಒಬ್ಬಳು ಸ್ನಾನ ಮಾಡಿಸುವವಳು, ಇನ್ನೊಬ್ಬಳು ಉಣಿಸುವವಳು. ಶಿಫ್ಟ್ ಮುಗಿದರೆ ಬೇರೆ ಮುಖ. ಹುಡುಗ ಮೊದಲೆರಡು ದಿನ ಒಬ್ಬೊಬ್ಬರ ಹತ್ತಿರವೂ ಹೋಗಿ ನೋಡಿದ. ಅವರು ಎತ್ತಿಕೊಳ್ಳುವಷ್ಟರಲ್ಲಿ ಇನ್ನೊಂದು ಮಗು ನುಗ್ಗುತ್ತಿತ್ತು, ಇಲ್ಲವೇ ಅವರ ಪಾಳಿ ಮುಗಿಯುತ್ತಿತ್ತು. ಕೊನೆಗೆ ಅವನು ಮನುಷ್ಯರನ್ನು ಬಿಟ್ಟು ಒಂದು ದೊಡ್ಡ ಗೊಂಬೆ ಕರಡಿಯನ್ನು ತಬ್ಬಿ ಕೂರತೊಡಗಿದ. ಊಟ ಬಿಟ್ಟ. ಒಂಬತ್ತನೇ ದಿನ ಅಮ್ಮ ಬಂದಾಗ ಓಡಿ ಬಂದನಾ? ಇಲ್ಲ. ಚೀರಿ, ಅವಳ ತೋಳಿನಿಂದ ಕೊಸರಿಕೊಂಡ.

ಇದೇ ದಂಪತಿ ಬೇರೆ ನಾಲ್ಕು ಮಕ್ಕಳನ್ನು, ಇಂಥದೇ ಕಾರಣಕ್ಕೆ, ತಮ್ಮ ಸ್ವಂತ ಮನೆಯಲ್ಲಿ ಇಟ್ಟುಕೊಂಡು ನೋಡಿದರು. ಅವರಲ್ಲಿ ಒಬ್ಬ ಹುಡುಗಿಗೆ ಸರಿಯಾಗಿ 17 ತಿಂಗಳೇ. 10 ದಿನ ಇದ್ದಳು. ಅವಳೂ ಅತ್ತಳು, ಹಟ ಮಾಡಿದಳು. ಆದರೆ ಕುಸಿದು ಬೀಳಲಿಲ್ಲ. ಅಮ್ಮ ಬಂದಾಗ ಅಮ್ಮನನ್ನು ಕಳೆದುಕೊಂಡಿರಲಿಲ್ಲ. ಮಗುವಿನ ವಯಸ್ಸು ಒಂದೇ, ದಿನಗಳೂ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದು ಒಂದು ವಿಷಯ: ಬೆಳಿಗ್ಗೆ ಎಬ್ಬಿಸಿದವಳೇ ರಾತ್ರಿ ಮಲಗಿಸುತ್ತಿದ್ದಳು.

ಈ ಕಥೆಯನ್ನು ಹೇಳುವಾಗ ಎಷ್ಟೋ ಜನ ಒಂದು ಭಾಗ ನುಂಗಿಬಿಡುತ್ತಾರೆ. ರಾಬರ್ಟ್‌ಸನ್ ದಂಪತಿ ಮಕ್ಕಳನ್ನು ಏಕಾಏಕಿ ಕರೆತಂದಿರಲಿಲ್ಲ. ಮೊದಲೇ ಪರಿಚಯ ಮಾಡಿಕೊಂಡಿದ್ದರು. ಮಗು ಹೇಗೆ ಮಲಗುತ್ತದೆ, ಏನು ತಿನ್ನುತ್ತದೆ, ಅತ್ತರೆ ಹೇಗೆ ಸಮಾಧಾನ ಮಾಡಬೇಕು, ಎಲ್ಲವನ್ನೂ ತಾಯಿಯಿಂದ ಕೇಳಿ ತಿಳಿದಿದ್ದರು. ಮಗುವಿನದೇ ಹಾಸಿಗೆ, ಹೊದಿಕೆ, ಆಟಿಕೆ, ಅಮ್ಮನ ಫೋಟೋ ಜೊತೆಗೆ ಬಂದಿದ್ದವು. ಅಪ್ಪ ಬಂದು ಹೋಗುತ್ತಿದ್ದ. ಅಷ್ಟೆಲ್ಲ ಮಾಡಿದ ಮೇಲೂ ಈ ವಯಸ್ಸಿನ ಮಕ್ಕಳನ್ನು ತಾಯಿಯಿಂದ ದೂರ ಇಡುವುದು ಅಪಾಯದ ಕೆಲಸವೇ ಅನ್ನುವುದು ಅವರ ಅಭಿಪ್ರಾಯವಾಗಿತ್ತು. ನಿಮ್ಮ ಮನೆಗೆ ಮಗು ಬರುವುದು ಹೀಗಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ, ಹನ್ನೆರಡಕ್ಕೆ ಮಗು ಬಾಗಿಲಲ್ಲಿರುತ್ತದೆ. ಹಾಗಾಗಿ ಅವರು ಮೊದಲೇ ಮಾಡಿದ ಕೆಲಸವನ್ನು ನೀವು ಮಗು ಬಂದ ಮೇಲೆ, ಎರಡೇ ದಿನದಲ್ಲಿ ಮಾಡಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯ ಇಷ್ಟು. ಹಚ್ಚಿಕೊಳ್ಳುವುದರಿಂದ ಮಗುವಿಗೆ ಪೆಟ್ಟು ಬೀಳುವುದಿಲ್ಲ. ಹಚ್ಚಿಕೊಳ್ಳಲು ಯಾರೂ ಸಿಗದಿದ್ದರೆ ಬೀಳುತ್ತದೆ. ಸಿಕ್ಕವರು ಹೇಳದೆ ಕೇಳದೆ ಮಾಯವಾದರೆ ಇನ್ನೂ ಜೋರಾಗಿ ಬೀಳುತ್ತದೆ.

ನಿಲಯಗಳ ಬಗ್ಗೆ ಓದುವಾಗ ನೀವು ಬುಕಾರೆಸ್ಟ್ ಅಧ್ಯಯನದ ಹೆಸರು ಕೇಳಿರಬಹುದು. ರೊಮೇನಿಯಾದಲ್ಲಿ 1989ರ ಕ್ರಾಂತಿಯ ನಂತರ ಸಾವಿರಾರು ಮಕ್ಕಳು ದೊಡ್ಡ ದೊಡ್ಡ ಅನಾಥಾಲಯಗಳಲ್ಲಿ ಇರುವುದು ಜಗತ್ತಿಗೆ ಗೊತ್ತಾಯಿತು. 2000ರಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಅನ್ನುವ ಸಂಶೋಧಕರು ಅಲ್ಲಿನ 136 ಪುಟ್ಟ ಮಕ್ಕಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಅರ್ಧ ಮಕ್ಕಳನ್ನು ತರಬೇತಿ ಕೊಟ್ಟ ಸಾಕು ಕುಟುಂಬಗಳಿಗೆ ಕಳಿಸಿದರು. ಉಳಿದವರು ಇದ್ದ ವ್ಯವಸ್ಥೆಯಲ್ಲೇ ಉಳಿದರು. ಮನೆಗೆ ಹೋದ ಮಕ್ಕಳು ಬುದ್ಧಿಯಲ್ಲೂ, ಮನುಷ್ಯರನ್ನು ನಂಬುವುದರಲ್ಲೂ ಮುಂದೆ ಬಂದರು. ಎರಡು ವರ್ಷ ತುಂಬುವುದರೊಳಗೆ ಹೋದವರಿಗೆ ಲಾಭ ಜಾಸ್ತಿ. ಈ ಅಧ್ಯಯನ ಬಹಳ ಮುಖ್ಯವಾದದ್ದು, ಅನುಮಾನವಿಲ್ಲ. ಆದರೆ ಅದು ತಿಂಗಳು, ವರ್ಷಗಟ್ಟಲೆ ನಿಲಯದಲ್ಲಿದ್ದ ಮಕ್ಕಳ ಕಥೆ. ಒಂದು ವಾರ ಒಳ್ಳೆಯ ನಿಲಯದಲ್ಲಿ ಇದ್ದ ಮಗುವಿನ ಮಿದುಳು ಹಾಳಾಗುತ್ತದೆ ಅಂತ ಅದನ್ನು ತೋರಿಸಿ ಹೆದರಿಸುವವರನ್ನು ಕಂಡರೆ ನನಗೆ ರೇಗುತ್ತದೆ.

ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2009ರಲ್ಲಿ ಒಪ್ಪಿದ, ಹೆತ್ತವರ ಬಳಿ ಇರಲಾಗದ ಮಕ್ಕಳ ಪರ್ಯಾಯ ಪಾಲನೆಯ ಮಾರ್ಗಸೂಚಿಗಳೂ ಇಷ್ಟು ಬಿಗಿಯಾಗಿಲ್ಲ. ಮೂರು ವರ್ಷದೊಳಗಿನ ಮಕ್ಕಳನ್ನು ಕುಟುಂಬದಲ್ಲೇ ಇಡಬೇಕು ಅನ್ನುತ್ತವೆ. ಆದರೆ ಒಡಹುಟ್ಟಿದವರನ್ನು ಬೇರೆ ಮಾಡಬಾರದು ಅಂತಿದ್ದರೆ ಅಥವಾ ನಿಜವಾದ ತುರ್ತು ಇದ್ದರೆ, ಇಲ್ಲವೇ ಮೊದಲೇ ಗೊತ್ತಾದ ಕೆಲವೇ ದಿನದ ಮಟ್ಟಿಗಾದರೆ, ನಿಲಯ ಇರಲಿ ಎಂದು ಜಾಗ ಬಿಟ್ಟಿವೆ. ಷರತ್ತು ಒಂದೇ: ಆಮೇಲೆ ಎಲ್ಲಿಗೆ ಅನ್ನುವುದು ಗೊತ್ತಿರಬೇಕು.

ಹಾಗಾದರೆ ನಿಲಯ ಯಾರಿಗೆ ಸರಿ? ನಾನು ನೋಡಿದ ಮಟ್ಟಿಗೆ ಮೊದಲು ನೆನಪಾಗುವವರು ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು. "ನನಗೊಬ್ಬಳು ಅಮ್ಮ ಇದ್ದಾಳೆ, ಇನ್ನೊಬ್ಬಳು ಬೇಡ" ಅಂತ ನೇರವಾಗಿ ಹೇಳುತ್ತಾರೆ. ಅಪರಿಚಿತರ ಅಡುಗೆಮನೆಯಲ್ಲಿ ಕೂತು ಉಣ್ಣುವುದೇ ಅವರಿಗೆ ಹಿಂಸೆ. ತಮ್ಮಂಥವರೇ ನಾಲ್ಕು ಜನ ಇರುವ ಜಾಗದಲ್ಲಿ ಅವರು ಉಸಿರಾಡುತ್ತಾರೆ. ಮಕ್ಕಳ ಕಳ್ಳಸಾಗಣೆ ಮಾಡುವವರ ಕೈಯಿಂದ ಬಿಡಿಸಿ ತಂದ ಮಕ್ಕಳ ವಿಷಯ ಬೇರೆ. ಹುಡುಕಿಕೊಂಡು ಬರುವವರಿರುತ್ತಾರೆ, ಒಂದು ಕುಟುಂಬ ಅದನ್ನು ತಡೆಯಲಾರದು. ಐದು ಜನ ಒಡಹುಟ್ಟಿದವರು ಒಟ್ಟಿಗೆ ಬಂದರೆ ಎಲ್ಲರಿಗೂ ಜಾಗ ಕೊಡುವ ಮನೆ ಒಂದೇ ರಾತ್ರಿಯಲ್ಲಿ ಸಿಗುವುದು ಕಷ್ಟ. ಅವರನ್ನು ಐದು ಒಳ್ಳೆಯ ಮನೆಗಳಿಗೆ ಹಂಚುವುದಕ್ಕಿಂತ ಒಂದು ಸಾಧಾರಣ ನಿಲಯದಲ್ಲಿ ಒಟ್ಟಿಗೆ ಇಡುವುದೇ ಮೇಲು ಅನ್ನುವುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಅಕ್ಕನ ಪಕ್ಕದಲ್ಲಿ ಮಲಗಿದ ಮಗುವಿಗೆ ಆ ರಾತ್ರಿ ಒಂದು ಪರಿಚಿತ ಉಸಿರು ಕೇಳಿಸುತ್ತದೆ.

ನಿಲಯವನ್ನೂ ಮನೆಯ ಹಾಗೆ ನಡೆಸಬಹುದು. ಎರಡನೇ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮಕ್ಕಳ ಮನೋವಿಶ್ಲೇಷಕಿಯರಾದ ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಯುದ್ಧಪೀಡಿತ ಮಕ್ಕಳಿಗೆ ಶಿಶು ನಿಲಯ ನಡೆಸುತ್ತಿದ್ದರು. ಮೊದಲು ಎಲ್ಲ ಮಕ್ಕಳನ್ನೂ ಎಲ್ಲರೂ ನೋಡಿಕೊಳ್ಳುತ್ತಿದ್ದರು. ಆಮೇಲೆ ಮಕ್ಕಳನ್ನು ಪುಟ್ಟ ಪುಟ್ಟ "ಕುಟುಂಬ"ಗಳಾಗಿ ಮಾಡಿ, ಒಂದೊಂದಕ್ಕೂ ಒಬ್ಬಳೇ ತಾಯಿಯ ಹಾಗೆ ಇರುವ ವ್ಯವಸ್ಥೆ ಮಾಡಿದರು. ತಕ್ಷಣ ಏನಾಯಿತು ಗೊತ್ತಾ? ಗಲಾಟೆ. ಅಸೂಯೆ, ಜಗಳ, ಆ ಒಬ್ಬಳು ಕೋಣೆಯಿಂದ ಆಚೆ ಹೋದರೆ ರಂಪ. ಹೊರಗಿನವರಿಗೆ ನಿಲಯ ಕೆಟ್ಟುಹೋದ ಹಾಗೆ ಕಂಡಿರಬೇಕು. ಆದರೆ ಅದೇ ಹೊತ್ತಿಗೆ ಮಕ್ಕಳ ಮಾತು, ನಡೆನುಡಿ ಎಲ್ಲ ಚಿಗುರತೊಡಗಿತು. ಶಿಸ್ತಾಗಿ, ಸದ್ದಿಲ್ಲದೆ ಇರುವ ಶಿಶು ನಿಲಯ ಕಂಡರೆ ನನಗೆ ಈಗಲೂ ಭಯ. ಅಳುವುದರಿಂದ ಏನೂ ಸಿಗುವುದಿಲ್ಲ ಅಂತ ಮಕ್ಕಳು ಕಲಿತುಬಿಟ್ಟಿದ್ದಾರಾ ಅನ್ನಿಸುತ್ತದೆ.

ಹಾಗಾಗಿ ಯಾವುದಾದರೂ ನಿಲಯ ನೋಡಲು ಹೋದರೆ ಕಟ್ಟಡ ನೋಡಬೇಡಿ, ಬಣ್ಣ ನೋಡಬೇಡಿ. ಒಂದು ಮಗುವನ್ನು ತೋರಿಸಿ, "ಇವನನ್ನು ನಿನ್ನೆ ರಾತ್ರಿ ಮಲಗಿಸಿದವರು ಯಾರು? ಇವತ್ತು ಬೆಳಿಗ್ಗೆ ಎಬ್ಬಿಸಿದವರು ಯಾರು? ನಾಳೆ ಯಾರು?" ಅಂತ ಕೇಳಿ. ಹೆಸರು ಹಿಡಿದು ಉತ್ತರ ಬಂದರೆ ಪರವಾಗಿಲ್ಲ. "ಯಾರ ಡ್ಯೂಟಿ ಇರುತ್ತೋ ಅವರು" ಅಂತ ಬಂದರೆ ಅಲ್ಲಿಗೆ ಪುಟ್ಟ ಮಗು ಹೋಗದಿರಲಿ.

ತುರ್ತು ಪಾಲನೆಯ ದೊಡ್ಡ ಕಾಯಿಲೆ ಇನ್ನೊಂದಿದೆ. ಅದು ಮನೆಗೂ ಬರುತ್ತದೆ, ನಿಲಯಕ್ಕೂ ಬರುತ್ತದೆ. "ಸದ್ಯಕ್ಕೆ" ಅಂತ ಇಟ್ಟ ಮಗುವನ್ನು ಎಲ್ಲರೂ ಮರೆಯುವುದು. ಮಗುವಿಗೆ ಸೂರು ಸಿಕ್ಕಿತಲ್ಲ, ಅವಸರವಿಲ್ಲ ಅಂತ ಕಡತ ಕೆಳಗೆ ಹೋಗುತ್ತದೆ. ಹತ್ತು ದಿನ ಹತ್ತು ತಿಂಗಳಾಗುತ್ತದೆ. ಮೊದಲ ದಿನವೇ ಮುಂದಿನ ಭೇಟಿಯ ತಾರೀಖು ಬರೆಸಿಕೊಳ್ಳಿ. ಆ ತಾರೀಖಿಗೆ ಯಾರೂ ಬರದಿದ್ದರೆ ನೀವೇ ಫೋನ್ ಮಾಡಿ ಪೀಡಿಸಿ. ಆಮೇಲೂ ಕನಿಷ್ಠ ಮೂರು ತಿಂಗಳಿಗೊಮ್ಮೆ ಮಗುವಿನ ವಿಷಯ ಮತ್ತೆ ಕೂತು ನೋಡುವುದು ಒಳ್ಳೆಯದು ಅನ್ನುವುದು ವಿಶ್ವಸಂಸ್ಥೆಯ ಆ ಮಾರ್ಗಸೂಚಿಗಳಲ್ಲೇ ಇದೆ. ಕಾಟ ಕೊಡುವ ಸಾಕು ತಾಯಿ ಅಂತ ಹೆಸರು ಬಂದರೆ ಬರಲಿ.

ಈಗ ಆ ಫೋನ್ ಕರೆಯ ವಿಷಯ. ಕರೆ ಬಂದ ಕೂಡಲೇ "ಕರೆತನ್ನಿ" ಅನ್ನಬೇಡಿ. ಐದು ನಿಮಿಷ ಪ್ರಶ್ನೆ ಕೇಳಿ. ವಯಸ್ಸೆಷ್ಟು? ಒಡಹುಟ್ಟಿದವರಿದ್ದಾರಾ, ಅವರನ್ನು ಎಲ್ಲಿಗೆ ಕಳಿಸುತ್ತಿದ್ದೀರಿ? ಔಷಧಿ, ಅಲರ್ಜಿ, ಮೂರ್ಛೆ ಇದೆಯಾ? ಯಾವ ಭಾಷೆ ಮಾತಾಡುತ್ತದೆ? ಇವತ್ತು ಏನಾಯಿತು? ಯಾರಾದರೂ ಹುಡುಕಿಕೊಂಡು ಬರುವ ಅಪಾಯ ಇದೆಯಾ? ಅಜ್ಜಿ, ಚಿಕ್ಕಪ್ಪ, ದೊಡ್ಡಮ್ಮ ಯಾರನ್ನಾದರೂ ಕೇಳಿದಿರಾ? ಈ ಕೊನೆಯದು ಮುಖ್ಯ. ಗೊತ್ತಿರುವ, ನಂಬಬಹುದಾದ ಸಂಬಂಧಿಕರ ಮನೆ ಸಿಕ್ಕರೆ ನಿಮ್ಮ ಮನೆ ಎರಡನೆಯದು. ಉತ್ತರಗಳೆಲ್ಲ ಸಿಗುವುದಿಲ್ಲ. ಕರೆ ಮಾಡಿದವರಿಗೂ ಅರ್ಧ ಮಾತ್ರ ಗೊತ್ತಿರುತ್ತದೆ. ಆದರೂ ಕೇಳಿ. ನಿಮ್ಮ ಕೈಲಾಗದು ಅನ್ನಿಸಿದರೆ ಇಲ್ಲ ಅನ್ನಿ. ಸಂಕೋಚಕ್ಕೆ ಹೂಂ ಅಂದು ಮೂರನೇ ದಿನ "ನಮಗಾಗಲ್ಲ, ಕರೆದುಕೊಂಡು ಹೋಗಿ" ಅನ್ನುವುದು ಮಗುವಿನ ಮೇಲೆ ಎರಡನೇ ಸಲ ಬಾಗಿಲು ಹಾಕಿದ ಹಾಗೆ.

ಮೊದಲ ರಾತ್ರಿ ಮಾಡಬೇಕಾದ್ದು ಕಡಿಮೆ, ಮಾಡದೇ ಇರಬೇಕಾದ್ದೇ ಜಾಸ್ತಿ. ಬಾಗಿಲಲ್ಲಿ ಇಡೀ ಮನೆ ನಿಂತು ಸ್ವಾಗತಿಸಬೇಡಿ. ಒಬ್ಬರು ಸಾಕು. ಮಗುವಿನ ಎತ್ತರಕ್ಕೆ ಕೂತು ನಿಮ್ಮ ಹೆಸರು ಹೇಳಿ. ಅಮ್ಮ, ಅಪ್ಪ ಅಂತ ಕರೆಸಿಕೊಳ್ಳಬೇಡಿ. ಅದರ ಅಮ್ಮ ಬೇರೆ ಇದ್ದಾಳೆ. "ಇವತ್ತು ರಾತ್ರಿ ನೀನು ಇಲ್ಲೇ ಮಲಗ್ತೀಯ. ನಾನು ಪಕ್ಕದ ಕೋಣೆಯಲ್ಲೇ ಇರ್ತೀನಿ. ಬೆಳಿಗ್ಗೆಯೂ ನಾನೇ ಇರ್ತೀನಿ." ಇಷ್ಟು ಸಾಕು. ಮನೆ ತೋರಿಸುವಾಗ ಬಚ್ಚಲು, ಅದರ ಲೈಟಿನ ಸ್ವಿಚ್ಚು, ನಿಮ್ಮ ಕೋಣೆಗೆ ದಾರಿ, ನೀರು ಎಲ್ಲಿದೆ ಅನ್ನುವುದನ್ನು ತೋರಿಸಿ. ಮಿಕ್ಕಿದ್ದು ನಾಳೆ. ತಿನ್ನಲು ಏನಾದರೂ ಎದುರಿಗಿಡಿ, ಒತ್ತಾಯ ಬೇಡ. ಹಾಸಿಗೆ ಅದರದ್ದೇ ಇರಲಿ, ಯಾರ ಜೊತೆಗೂ ಹಂಚಿಕೊಳ್ಳುವುದು ಬೇಡ. ಹಾಸಿಗೆಯ ಮೇಲೆ ಕತ್ತಲಲ್ಲಿ ಆ ಮಗುವಿಗೆ ಮೊದಲು ಏನಾಗಿದೆಯೋ ನಿಮಗೆ ಗೊತ್ತಿಲ್ಲ. ಅದಕ್ಕೇ ದೀಪ ಆರಿಸಬೇಕಾ ಬೇಡವಾ ಅಂತ ಅದನ್ನೇ ಕೇಳಿ. ತಬ್ಬಿಕೊಳ್ಳುವ ಮೊದಲೂ ಕೇಳಿ. ಸುಮ್ನೆ ನಿದ್ದೆ ಬರಲಿ ಅಂತ ತಲೆ ಸವರುವುದು ಕೂಡ ಕೆಲವು ಮಕ್ಕಳಿಗೆ ಸಿಡಿಲಿನಂತೆ ಇರುತ್ತದೆ.

"ಎಲ್ಲಾ ಸರಿಹೋಗುತ್ತೆ, ನಾಳೆ ಅಮ್ಮ ಬರ್ತಾಳೆ" ಅನ್ನುವ ಮಾತು ಬಾಯಿಗೆ ತಾನಾಗಿ ಬರುತ್ತದೆ. ನುಂಗಿಕೊಳ್ಳಿ. ಗೊತ್ತಿಲ್ಲದಿದ್ದರೆ "ನನಗೂ ಗೊತ್ತಿಲ್ಲ. ಗೊತ್ತಾದ ತಕ್ಷಣ ನಿನಗೆ ಹೇಳ್ತೀನಿ" ಅನ್ನಿ. ಮಗು ಸುಳ್ಳಿಗಿಂತ ಅದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಸ್ನಾನ, ಬಟ್ಟೆ ಒಗೆಯುವುದರ ವಿಷಯಕ್ಕೆ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ನಿಲಯದಲ್ಲಿದ್ದೆ. ನಾಲ್ಕು ವರ್ಷದ ಹುಡುಗಿ ಬಂದಳು. ಕೈಯಲ್ಲಿ ಒಂದು ಕೊಳೆ ಸ್ವೆಟರ್. ಅದು ದೊಡ್ಡವರದ್ದು. ರಾತ್ರಿ ಅವಳು ಮಲಗಿದ ಮೇಲೆ ನಾನು ಅದನ್ನು ಮೆಲ್ಲಗೆ ಎಳೆದುಕೊಂಡು, ಒಗೆದು, ಒಣಗಿಸಿ, ಮಡಚಿ ಅವಳ ದಿಂಬಿನ ಪಕ್ಕದಲ್ಲಿಟ್ಟೆ. ಬೆಳಿಗ್ಗೆ ಎದ್ದು ಮೂಸಿ ನೋಡಿದಳು. ಮತ್ತೆ ಮೂಸಿದಳು. ಆಮೇಲೆ ಅವಳು ಅತ್ತ ಅಳು ನನಗೆ ಇಷ್ಟು ವರ್ಷ ಆದರೂ ಕಿವಿಯಲ್ಲಿದೆ. ಅಮ್ಮನ ವಾಸನೆಯನ್ನು ನಾನು ಸೋಪು ಹಾಕಿ ತೊಳೆದುಬಿಟ್ಟಿದ್ದೆ. ಆದ್ದರಿಂದ ಹೇಳುತ್ತೇನೆ, ಮಗುವಿನ ಜೊತೆ ಬಂದದ್ದು ಎಷ್ಟೇ ಕೊಳೆಯಾಗಿರಲಿ, ಒಗೆಯುವ ಮೊದಲು ಮಗುವನ್ನು ಕೇಳಿ. ಮೈ ತೊಳೆಯುವ ಅವಸರವೂ ಬೇಡ. ಹಿಂಸೆ ಆಗಿರುವ ಅನುಮಾನ ಇದ್ದರೆ ಸ್ನಾನಕ್ಕೆ ಮೊದಲೇ ವೈದ್ಯರು ನೋಡಬೇಕಾಗಬಹುದು. ಬಟ್ಟೆಯೂ ಸಾಕ್ಷ್ಯವಾಗಬಹುದು. ಮಗುವನ್ನು ಕರೆತಂದವರನ್ನು ಕೇಳಿಯೇ ಮುಂದುವರಿಯಿರಿ.

ಏನಾಯಿತು ಅಂತ ಕೆದಕಿ ಕೇಳಬೇಡಿ. ಇದು ಕುತೂಹಲದ ವಿಷಯ ಅಲ್ಲ, ನ್ಯಾಯದ ವಿಷಯ. "ಅಪ್ಪ ಹೊಡೆದನಾ?" ಅಂತ ನೀವು ಕೇಳಿದರೆ ಉತ್ತರ ನೀವೇ ಕೊಟ್ಟ ಹಾಗಾಯಿತು. ಮುಂದೆ ಮಗುವಿನ ಹೇಳಿಕೆಗೆ ಬೆಲೆ ಇಲ್ಲದೆ ಹೋಗಬಹುದು. ಮಗು ತಾನಾಗಿ ಹೇಳಿದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳಿ. ಮುಖದಲ್ಲಿ ಗಾಬರಿ ಬೇಡ. "ನನಗೆ ಹೇಳಿದ್ದು ಒಳ್ಳೆಯದಾಯ್ತು. ಇದು ನಿನ್ನ ತಪ್ಪಲ್ಲ" ಅನ್ನಿ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಭಾಷೆ ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ನಿಮಗೆ ಆಗುವುದಿಲ್ಲ. ಮಗು ಮಲಗಿದ ಮೇಲೆ ಅದು ಹೇಳಿದ್ದನ್ನು ಅದೇ ಮಾತಿನಲ್ಲಿ, ತಿದ್ದದೆ, ತಾರೀಖು ಸಮಯ ಹಾಕಿ ಬರೆದಿಡಿ. ಆ ದಿನವೇ ಮಗುವಿನ ಜವಾಬ್ದಾರಿ ಹೊತ್ತ ಅಧಿಕಾರಿಗೆ ತಿಳಿಸಿ.

ಮೊದಲ ಎರಡು ಮೂರು ದಿನ ಮಗು ಬಹಳ ಒಳ್ಳೆಯದಾಗಿ ಇರಬಹುದು. ತಟ್ಟೆ ತೊಳೆಯುತ್ತದೆ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತದೆ. ಎಷ್ಟು ಬೇಗ ಹೊಂದಿಕೊಂಡಿತು ಅಂತ ಎಲ್ಲರೂ ಹೊಗಳುತ್ತಾರೆ. ಅದು ಹೊಂದಿಕೊಂಡಿರುವುದಿಲ್ಲ, ಹೆದರಿಕೊಂಡಿರುತ್ತದೆ. ಸ್ವಲ್ಪ ನಂಬಿಕೆ ಬಂದ ಮೇಲೆ ಹಟ, ಸುಳ್ಳು, ಹಾಸಿಗೆ ಒದ್ದೆ ಎಲ್ಲ ಹೊರಗೆ ಬರುತ್ತವೆ. ಅಂದರೆ ನಿಮ್ಮ ಮನೆ ಕೆಲಸ ಮಾಡುತ್ತಿದೆ ಅಂತ ಅರ್ಥ. ದಿಂಬಿನ ಕೆಳಗೆ ತಿಂಡಿ ಬಚ್ಚಿಟ್ಟಿದ್ದು ಸಿಕ್ಕರೆ ಕಳ್ಳತನ ಅನ್ನಬೇಡಿ. ಊಟ ಸಿಗುತ್ತದೋ ಇಲ್ಲವೋ ಅನ್ನುವ ಲೆಕ್ಕ ಹಾಕಿ ಬದುಕಿದ ಮಗು ಅದು. ಒಂದು ಡಬ್ಬಿ ಕೊಟ್ಟು, "ಇದು ನಿನ್ನದು, ಖಾಲಿ ಆದರೆ ನಾನು ತುಂಬಿಸ್ತೀನಿ" ಅನ್ನಿ. ಮಾತು ತಪ್ಪದೆ ತುಂಬಿಸುತ್ತಾ ಹೋಗಿ. ಬಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ, ಆದರೆ ಹತ್ತು ದಿನದಲ್ಲಿ ಆಗಲೇಬೇಕು ಅಂತ ಕಾಯಬೇಡಿ.

ಕೆಲವು ಮಕ್ಕಳು ಬಂದ ಗಳಿಗೆಯಿಂದಲೇ ತೊಡೆಯೇರಿ ಕೂರುತ್ತವೆ, ಮನೆಗೆ ಬಂದ ಯಾರನ್ನಾದರೂ ತಬ್ಬುತ್ತವೆ. ಎಷ್ಟು ಪ್ರೀತಿಯ ಮಗು ಅನ್ನಿಸುತ್ತದೆ. ನನಗೆ ಅದನ್ನು ನೋಡಿದರೆ ಸಂಕಟ. ಯಾರ ತೊಡೆಯಾದರೂ ಸರಿ ಅನ್ನುವ ಮಗುವಿಗೆ ತನ್ನದು ಅನ್ನುವ ತೊಡೆ ಸಿಕ್ಕಿರುವುದಿಲ್ಲ. ಇಂಥ ಮಗುವನ್ನು ಊರವರೆಲ್ಲ ಎತ್ತಿ ಮುದ್ದಾಡಲು ಬಿಡಬೇಡಿ. ಊಟ, ಸ್ನಾನ, ನಿದ್ದೆ ಈ ಮೂರನ್ನೂ ನೀವೊಬ್ಬರೇ ನೋಡಿಕೊಳ್ಳಿ. ನೀವು ಮನೆಯಲ್ಲಿಲ್ಲದ ಹೊತ್ತಿಗೆ ನಿಮ್ಮ ಗಂಡ. ಮೂರನೆಯವರು ಬೇಡ.

ಹೆತ್ತವರ ವಿಷಯ ಸೂಕ್ಷ್ಮ. ಕೆಲವು ಕಡೆ, ಅಪಾಯ ಇಲ್ಲದಿದ್ದರೆ, ಮಗು ಬಂದ ಮೊದಲ ದಿನವೇ ಸಾಕು ತಾಯಿಯೂ ಹೆತ್ತ ತಾಯಿಯೂ ಫೋನಿನಲ್ಲಿ ಮಾತಾಡುವ ಪದ್ಧತಿ ಇದೆ. ರಾಬರ್ಟ್‌ಸನ್ ದಂಪತಿಯ ಮೊದಲ ತಯಾರಿಗೆ ನಮಗೆ ಸಿಗುವ ಹತ್ತಿರದ ಬದಲಿ ಅದೇ. ನಿಮ್ಮಲ್ಲಿ ಅನುಮತಿ ಸಿಕ್ಕರೆ ಬಿಡಬೇಡಿ. ಆಕೆಯನ್ನು ವಿಚಾರಣೆ ಮಾಡಬೇಡಿ. "ಇವನಿಗೆ ನಿದ್ದೆ ಬರದಿದ್ದರೆ ನೀವು ಏನು ಮಾಡ್ತೀರಿ?" ಅಂತ ಕೇಳಿ. ಎಂಥ ಸ್ಥಿತಿಯಲ್ಲಿರುವ ತಾಯಿಗೂ ಅದಕ್ಕೆ ಉತ್ತರ ಗೊತ್ತಿರುತ್ತದೆ, ಕೇಳಿದ್ದಕ್ಕೆ ಗೌರವವೂ ಅನ್ನಿಸುತ್ತದೆ. ಹೆತ್ತವರು ನೋಡಲು ಬಂದು ಹೋದ ಸಂಜೆ ಮಗು ಕೆಟ್ಟದಾಗಿ ಅಳುತ್ತದೆ, ವಸ್ತು ಎಸೆಯುತ್ತದೆ. ಆಗ "ಭೇಟಿಯೇ ಬೇಡ, ಮಗುವಿಗೆ ತೊಂದರೆ" ಅನ್ನಿಸುವುದು ಸಹಜ. ಅಳು ಬಂತು ಅಂದ ಮಾತ್ರಕ್ಕೆ ಭೇಟಿ ಕೆಟ್ಟದ್ದು ಅಂತಲ್ಲ. ಪ್ರೀತಿ ಇದ್ದಲ್ಲಿ ಅಳು ಇರುತ್ತದೆ. ಭೇಟಿಯಲ್ಲಿ ಬೆದರಿಕೆ, ಕುಡಿತ, ಹಿಂಸೆ ಕಂಡರೆ ವಿಷಯ ಬೇರೆ. ಅದನ್ನು ಬರೆದು ತಿಳಿಸಿ.

ಇನ್ನೊಂದು ಮಾತು. ಬಡತನ ಮಾತ್ರ ಕಾರಣವಾಗಿ ಮಗುವನ್ನು ಮನೆಯಿಂದ ತರಬಾರದು ಅನ್ನುವುದು ಅದೇ 2009ರ ಮಾರ್ಗಸೂಚಿಗಳಲ್ಲಿದೆ. ವಿಪತ್ತು ಬಂದಾಗ ಇದು ಮೊದಲು ಮರೆತುಹೋಗುತ್ತದೆ. 2010ರಲ್ಲಿ ಹೈಟಿಯ ಭೂಕಂಪ ಆದ ಕೆಲವೇ ದಿನಗಳಲ್ಲಿ ಅಮೆರಿಕದ 10 ಜನರ ಒಂದು ಧಾರ್ಮಿಕ ಗುಂಪು 33 ಮಕ್ಕಳನ್ನು ಸರಿಯಾದ ಕಾಗದ ಇಲ್ಲದೆ ಗಡಿ ದಾಟಿಸಲು ಹೋಗಿ ಸಿಕ್ಕಿಬಿತ್ತು. ಅನಾಥ ಮಕ್ಕಳು ಅಂತ ಹೇಳಿದ್ದರು. ಆಮೇಲೆ ನೋಡಿದರೆ ಬಹುತೇಕ ಮಕ್ಕಳಿಗೆ ತಂದೆ ತಾಯಿ ಇದ್ದರು. ಒಳ್ಳೆಯ ಮನಸ್ಸೊಂದೇ ಇದ್ದರೆ ಸಾಲದು. ಹಾಗೆಯೇ, ಒಂದು ಮಗು ದತ್ತು ಸಿಗಬಹುದೇನೋ ಅನ್ನುವ ಆಸೆ ಮನಸ್ಸಿನ ಮೂಲೆಯಲ್ಲಿದ್ದರೆ ದಯವಿಟ್ಟು ತುರ್ತು ಸಾಕು ಕುಟುಂಬ ಆಗಬೇಡಿ. ಮಗುವಿನ ತಾಯಿ ಸುಧಾರಿಸಿಕೊಳ್ಳಲಿ ಅಂತ ಹಾರೈಸಬೇಕಾದವರು ನೀವು. ಅವಳು ಸೋಲಲಿ ಅಂತ ಒಳಗೊಳಗೇ ಕಾಯುವವರಿಗೆ ಈ ಕೆಲಸ ಆಗದು.

ನಿಮ್ಮ ಮಗನ ವಿಷಯ. ಹತ್ತು ವರ್ಷ ಒಳ್ಳೆಯ ವಯಸ್ಸು, ಸತ್ಯ ಹೇಳಬಹುದು. "ಒಂದು ಮಗುವಿನ ಮನೆಯಲ್ಲಿ ಈಗ ಇರಲು ಆಗ್ತಿಲ್ಲ. ದೊಡ್ಡವರು ಅದನ್ನು ಸರಿಮಾಡುವವರೆಗೆ ನಮ್ಮನೇಲಿ ಇರುತ್ತೆ, ಆಮೇಲೆ ಹೋಗುತ್ತೆ." ಹೋಗುತ್ತೆ ಅನ್ನುವುದನ್ನು ಮೊದಲ ದಿನವೇ ಹೇಳಿ. ಅವನ ಯಾವ ವಸ್ತು ಹಂಚಿಕೊಳ್ಳಬಹುದು, ಯಾವುದು ಬೇಡ ಅಂತ ಅವನೇ ತೀರ್ಮಾನಿಸಲಿ. ಬೇಡ ಅಂದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಅವನಿಗೇ ಕೊಡಿ. ತಮ್ಮ, ತಂಗಿ ಅಂತ ಒತ್ತಾಯದ ಸಂಬಂಧ ಕಟ್ಟಬೇಡಿ. ಬಂದ ಮಗು ಏನಾದರೂ ಗುಟ್ಟು ಹೇಳಿದರೆ ನಿಮಗೆ ಹೇಳಬೇಕು, ಅದು ಚಾಡಿ ಅಲ್ಲ ಅಂತ ಮೊದಲೇ ತಿಳಿಸಿಡಿ. ಶಾಲೆಯಲ್ಲಿ, ಗೆಳೆಯರ ಗುಂಪಿನಲ್ಲಿ ಮಗುವಿನ ಹೆಸರು, ಕಥೆ, ಫೋಟೋ ಯಾವುದೂ ಹೋಗಬಾರದು. ಇದು ನಿಮಗೂ, ನಿಮ್ಮ ಅತ್ತೆಯವರಿಗೂ ಸೇರಿಸಿ ಹೇಳಿದ್ದು. ಪಕ್ಕದ ಮನೆಯವರು ಕೇಳಿದರೆ "ಸ್ವಲ್ಪ ದಿನ ನಮ್ಮ ಜೊತೆ ಇರುತ್ತೆ" ಅನ್ನುವುದಕ್ಕಿಂತ ಹೆಚ್ಚು ಬೇಕಿಲ್ಲ. ದಿನಕ್ಕೆ ಅರ್ಧ ಗಂಟೆ ಮಗನ ಜೊತೆ ನೀವೊಬ್ಬರೇ ಇರಿ. ಅವನು ದೂರು ಹೇಳಿದರೆ "ಪಾಪ ಆ ಮಗು" ಅಂತ ಬಾಯಿ ಮುಚ್ಚಿಸಬೇಡಿ.

ಕೊನೆಗೆ ಅತ್ತೆಯವರು ಎತ್ತಿದ ಮುಖ್ಯ ವಿಷಯ, ಕಳಿಸುವುದು. ಕಿತ್ತು ಕಳಿಸುವುದು ಬೇರೆ, ದಾಟಿಸುವುದು ಬೇರೆ. ಹೊರಡುವ ತಾರೀಖು ಗೊತ್ತಾದ ದಿನವೇ ಮಗುವಿಗೆ ಹೇಳಿ. ಪುಟ್ಟ ಮಗುವಾದರೆ ಕ್ಯಾಲೆಂಡರ್ ಮೇಲೆ ದಿನ ಎಣಿಸಿ ತೋರಿಸಿ. ಮುಂದೆ ನೋಡಿಕೊಳ್ಳುವವರು, ಹೆತ್ತವರಾಗಲಿ, ಅಜ್ಜಿಯಾಗಲಿ, ಬೇರೆ ಕುಟುಂಬವಾಗಲಿ, ಮೊದಲು ನಿಮ್ಮ ಮನೆಗೆ ಬಂದು ನಿಮ್ಮ ಎದುರೇ ಮಗುವಿಗೆ ಉಣಿಸಲಿ, ಮಲಗಿಸಲಿ. ನೀವು ಅವರ ಜೊತೆ ನಗುನಗುತ್ತಾ ಮಾತಾಡುವುದನ್ನು ಮಗು ನೋಡಲಿ. ಅದಕ್ಕೆ ಇದು ಒಪ್ಪಿಗೆಯ ಮುದ್ರೆ ಇದ್ದ ಹಾಗೆ. ಎರಡು ಸಲ ಹೀಗೆ ಆದರೂ ಸಾಕು, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಹೊರಡುವ ದಿನ ಮಗು ಮಲಗಿರುವಾಗ ಕಾರಿಗೆ ಹಾಕಿ ಕಳಿಸಬೇಡಿ, ಅಳು ತಪ್ಪಿಸಲು ಹಾಗೆ ಮಾಡುವವರಿದ್ದಾರೆ. ಎದ್ದಾಗ ಮತ್ತೊಮ್ಮೆ ಪ್ರಪಂಚ ಬದಲಾಗಿರುತ್ತದೆ, ಇನ್ನು ನಿದ್ದೆಯನ್ನೂ ನಂಬಲಾರದು. ಹೋದ ಮೇಲೆ ಒಂದೆರಡು ಸಲ ಫೋನ್ ಮಾಡಲು, ನೋಡಲು ಅವಕಾಶ ಕೇಳಿ. ಎಲ್ಲ ಸಲವೂ ಒಪ್ಪುವುದಿಲ್ಲ. ಕೇಳುವುದನ್ನು ಬಿಡಬೇಡಿ.

ಮಗುವಿನ ಸಾಮಾನನ್ನು ಕಸದ ಚೀಲದಲ್ಲಿ ತುಂಬಿ ಕಳಿಸುವುದು ಎಷ್ಟೋ ದೇಶಗಳಲ್ಲಿ ನಡೆದಿದೆ. ಹಾಗೆ ಬೆಳೆದವರು ದೊಡ್ಡವರಾದ ಮೇಲೆ ಅದನ್ನು ನೆನೆದು ಹೇಳುವುದನ್ನು ಕೇಳಿದ್ದೇನೆ. ಆದ್ದರಿಂದ ಈಗಲೇ, ಮಗು ಬರುವ ಮೊದಲೇ, ಜಿಪ್ ಇರುವ ಒಂದು ಒಳ್ಳೆಯ ಚೀಲ ತಂದಿಡಿ. ಅದರಲ್ಲಿ ಒಂದು ಖಾಲಿ ನೋಟ್‌ಪುಸ್ತಕ ಇರಲಿ. ಮಗು ಇದ್ದಷ್ಟು ದಿನ ದಿನಕ್ಕೆರಡು ಸಾಲು ಬರೆಯಿರಿ: ಇವತ್ತು ಮೊದಲ ಹಲ್ಲು ಬಿತ್ತು, ಇವತ್ತು ಮಳೆ ನೋಡಿ ನಕ್ಕೆ, ಇವತ್ತು ಅಮ್ಮ ಬಂದಿದ್ದಳು. ಎಲ್ಲ ಮನೆಗಳಲ್ಲೂ ಇಂಥ ನೆನಪನ್ನು ಅಮ್ಮನೋ ಅಜ್ಜಿಯೋ ಹೇಳುತ್ತಿರುತ್ತಾರೆ. ಮನೆಯಿಂದ ಮನೆಗೆ ದಾಟಿದ ಮಗುವಿಗೆ ಅದನ್ನು ಹೇಳುವವರೇ ಇರುವುದಿಲ್ಲ.

ಅತ್ತೆಯವರನ್ನು ತರಬೇತಿಗೆ ಜೊತೆಗೇ ಕರೆದುಕೊಂಡು ಹೋಗಿ. ಮನೆಯಲ್ಲಿರುವ ದೊಡ್ಡವರೆಲ್ಲ ಹೇಗೂ ಪೊಲೀಸ್ ಪರಿಶೀಲನೆ, ಮನೆ ಭೇಟಿ ಎದುರಿಸಬೇಕಾಗುತ್ತದೆ. ಕಳಿಸುವ ದಿನದ ಬಗ್ಗೆ ಮಗು ಬರುವ ಮೊದಲೇ ಯೋಚಿಸಿದವರು ನಿಮ್ಮ ಮನೆಯಲ್ಲಿ ಅವರೊಬ್ಬರೇ. ನೋಟ್‌ಪುಸ್ತಕ ಬರೆಯುವ ಕೆಲಸವನ್ನು ನಾನಾಗಿದ್ದರೆ ಅವರಿಗೇ ಕೊಡುತ್ತಿದ್ದೆ.